ಅಪ್ಪನಿಗೆ ಕಾಫಿ ಮಾಡಲು ಬರುತ್ತಿರಲಿಲ್ಲ

ನಮ್ಮಪ್ಪ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವರು. ಲೇತ್ ಮುಂದೆ ನಿಂತರೆ ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕಬ್ಬಿಣ ಕಡೆಯುತ್ತಿದ್ದರಂತೆ. ಅದೇ ಮನುಷ್ಯನಿಗೆ ಗ್ಯಾಸ್ ಒಲೆ ಹಚ್ಚಲು ಬರುತ್ತಿರಲಿಲ್ಲ. ಬನಿಯನ್ ಬೀರುವಿನ ಯಾವ ಖಾನೆಯಲ್ಲಿದೆ ಗೊತ್ತಿರಲಿಲ್ಲ. ಸ್ನಾನಕ್ಕೆ ಹೋಗಿ, ನೀರು ಹುಯ್ದುಕೊಂಡ ಮೇಲೆ, "ಲೇ, ಟವಲ್ಲು" ಅಂತ ಕೂಗುತ್ತಿದ್ದರು. ಅಮ್ಮ ಊರಿಗೆ ಹೋದ ದಿನ ಹೋಟೆಲಿನಿಂದ ಇಡ್ಲಿ ಬರುತ್ತಿತ್ತು, ಇಲ್ಲವೇ ಪಕ್ಕದ ಮನೆಯವರು ಕರೆದು ಊಟ ಹಾಕುತ್ತಿದ್ದರು. ಇದನ್ನೆಲ್ಲ ಯಾರೂ ಕೊರತೆ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಗಂಡಸರು ಹಾಗೇ, ಅಷ್ಟೇ.

ನನ್ನ ತಮ್ಮನಿಗೂ ಕಾಫಿ ಮಾಡಲು ಬರುತ್ತಿರಲಿಲ್ಲ. ಅವನಿಗೆ ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಅವನ ವಿಷಯದಲ್ಲಿ ಮಾತ್ರ ಅದು ಕಾಗದದ ಮೇಲೆ ಬಂತು.

2019ರಲ್ಲಿ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಬೇಕು ಅಂತ ಅವನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆವು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ, ನಾನು, ತಮ್ಮ, ಮೂರೂ ಜನ ಸಾಲಾಗಿ ಕುರ್ಚಿಯಲ್ಲಿ ಕೂತೆವು. ಎದುರಿಗೆ ಮನಶ್ಶಾಸ್ತ್ರಜ್ಞೆ, ನನಗಿಂತ ತುಂಬಾ ಚಿಕ್ಕವಳು, ತಾಳ್ಮೆಯ ಹುಡುಗಿ. ವೈನ್‌ಲ್ಯಾಂಡ್ ಸೋಷಿಯಲ್ ಮೆಚ್ಯೂರಿಟಿ ಸ್ಕೇಲ್ ಅಂತ ಒಂದಿದೆ. ಎಡ್ಗರ್ ಡಾಲ್ ಎಂಬ ಅಮೆರಿಕದವನು 1930ರ ದಶಕದಲ್ಲಿ ಮಾಡಿದ್ದು. ನಮ್ಮ ದೇಶದಲ್ಲಿ ಬಳಸುವ ರೂಪದಲ್ಲಿ 89 ಅಂಶಗಳಿವೆ. ತಾನೇ ಉಣ್ಣುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ, ದುಡ್ಡು ಕೊಟ್ಟರೆ ಸಾಮಾನು ತರುತ್ತಾನಾ, ಹೀಗೆ. ಲೆಕ್ಕ, ಒಗಟು ಏನೂ ಇಲ್ಲ. ದಿನದ ಬದುಕು ಹೇಗೆ ನಡೆಯುತ್ತದೆ ಅಂತ ಕೇಳುತ್ತಾರೆ. ಉತ್ತರ ಹೇಳುವವರು ಮನೆಯವರು.

"ಸಣ್ಣಪುಟ್ಟ ಸಾಮಾನು ಅಂಗಡಿಯಿಂದ ತರ್ತಾರಾ?"

"ಇಲ್ಲಮ್ಮ."

"ಊರೊಳಗೆ ಒಬ್ಬರೇ ಓಡಾಡ್ತಾರಾ?"

"ಎಲ್ಲಿ ಬಿಡಕ್ಕಾಗುತ್ತೆ."

"ತಮ್ಮ ಬಟ್ಟೆ ತಾವೇ ತಗೋತಾರಾ?"

"ಇಲ್ಲ, ನಾವೇ ತರೋದು."

ಅಪ್ಪ ಆವತ್ತು ಹಾಕಿಕೊಂಡಿದ್ದ ಶರ್ಟು ನಾನು ತಂದದ್ದು. ಅದಕ್ಕೂ ಮುಂಚಿನ ನಲವತ್ತು ವರ್ಷದ ಶರ್ಟುಗಳನ್ನು ತಂದಿದ್ದು ಅಮ್ಮ. ನನಗೆ ನಗು ಬಂತು, ಕೆಮ್ಮಿನಲ್ಲಿ ಮುಚ್ಚಿಕೊಂಡೆ. ಆ ಫಾರಂ ಹಿಡಿದು ನಮ್ಮ ಬೀದಿಯ ರಿಟೈರಾದ ಗಂಡಸರನ್ನೆಲ್ಲ ಕೂರಿಸಿ ಕೇಳಿದರೆ ಎಷ್ಟು ಜನ ಪಾಸಾಗಬಹುದು ಅಂತ ಯೋಚನೆ ಬಂದು, ಆಮೇಲೆ ಅದು ತಲೆಯಿಂದ ಹೋಗಲೇ ಇಲ್ಲ.

ತಮ್ಮನಿಗೆ 'ಮಾಡರೇಟ್', ಅಂದರೆ ಮಧ್ಯಮ, ಅಂತ ಬರೆದರು. ಅಂಗವಿಕಲತೆ ಶೇಕಡಾ 75.

ಮನೆಯಲ್ಲಿ ಅವನನ್ನು ಪುಟ್ಟು ಅಂತ ಕರೆಯುತ್ತಿದ್ದೆವು. ಈಗ ಕರೆಯುವುದಿಲ್ಲ. ಅವನ ಹೆಸರು ಇಲ್ಲಿ ಬರೆಯಲಾ ಅಂತ ಅವನನ್ನೇ ಕೇಳಿದೆ. ಸ್ವಲ್ಪ ಯೋಚನೆ ಮಾಡಿ "ಬೇಡ" ಅಂದ. ಕಾಫಿ ವಿಷಯ ಬರೆಯಲಾ ಅಂದೆ. "ಹೂಂ, ಅದು ಬರಿ" ಅಂದ. ಹಾಗಾಗಿ ತಮ್ಮ ಅಂತಲೇ ಬರೆಯುತ್ತೇನೆ.

ಅವನು ಹುಟ್ಟಿದ್ದು 1988ರಲ್ಲಿ. ನನಗಾಗ ಆರು ವರ್ಷ. ಡಾಕ್ಟರು 'ಮಂಗೋಲ್ ಮಗು' ಅಂದಿದ್ದರಂತೆ. ಆಗ ಹಾಗೇ ಹೇಳುತ್ತಿದ್ದರು. 21ನೇ ಕ್ರೋಮೋಸೋಮು ಎರಡರ ಬದಲು ಮೂರಿರುವುದೇ ಕಾರಣ ಅಂತ 1959ರಲ್ಲೇ ಪ್ಯಾರಿಸ್ಸಿನಲ್ಲಿ ಗೊತ್ತಾಗಿತ್ತು. ನಮ್ಮ ಬೀದಿಗೆ ಆ ಸುದ್ದಿ ಮುಟ್ಟಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಗ್ರಹಣದ ದಿನ ಅಮ್ಮ ಏನೋ ಹೆಚ್ಚಿದ್ದಳು ಅನ್ನೋದೇ ಕಾರಣ. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಅಮ್ಮ ಅವನನ್ನು ಮಾತಿನ ತರಬೇತಿಗೆ ಕರೆದುಕೊಂಡು ಹೋಗುತ್ತಿದ್ದಳು. ಎರಡು ಬಸ್ಸು ಬದಲಾಯಿಸಿ, ಸೊಂಟದ ಮೇಲೆ ಅವನನ್ನು ಕೂರಿಸಿಕೊಂಡು. ಅವನು ಇವತ್ತು ಆಡುವ ಒಂದೊಂದು ಮಾತಿನ ಹಿಂದೆಯೂ ಆ ಬಸ್ಸುಗಳಿವೆ.

ಆದರೆ ಅಮ್ಮ ಅವನ ಕೈಯಲ್ಲಿ ಒಂದು ಲೋಟ ಎತ್ತಿಸಲಿಲ್ಲ. ಮೂವತ್ತು ವರ್ಷ ತುಂಬುವ ಹೊತ್ತಿಗೂ ತಟ್ಟೆಯಲ್ಲಿ ಅನ್ನ ಕಲಸಿ ಇಡುತ್ತಿದ್ದಳು. "ಏಳು ವರ್ಷದ ಮಗುವಿನ ಬುದ್ಧಿ" ಅಂತ ಯಾರೋ ಒಮ್ಮೆ ಹೇಳಿದ್ದು ಮನೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ಕೂತುಬಿಟ್ಟಿತ್ತು. ಈ ಮಾತು ನನಗೆ ಇಷ್ಟವಿಲ್ಲ. ಏಳು ವರ್ಷದ ಮಗುವಿಗೆ ಗಡ್ಡ ಬರುವುದಿಲ್ಲ. ಏಳು ವರ್ಷದ ಮಗು ಅಮ್ಮನ ಹೆಣದ ಪಕ್ಕ ರಾತ್ರಿಯೆಲ್ಲ ಕೂತು, ಬೆಳಗ್ಗೆ ಎದ್ದು, ಬಂದವರಿಗೆಲ್ಲ ಕುರ್ಚಿ ಹಾಕುವುದಿಲ್ಲ.

ಅಪ್ಪ 2021ರಲ್ಲಿ ಹೋದರು. ಹನ್ನೊಂದನೇ ದಿನ ದೊಡ್ಡಮ್ಮ ಕೇಳಿದರು: "ನೀನಿರೋವರೆಗೂ ಸರಿ ಕಣೆ. ನಿನ್ನ ನಂತರ ಯಾರು?" ಇಂಥ ಮಕ್ಕಳಿರುವ ಪ್ರತಿ ಮನೆಯಲ್ಲೂ ಈ ಪ್ರಶ್ನೆ ಇರುತ್ತದೆ. ಒಂದು ಕಾಲಕ್ಕೆ ಇರುತ್ತಿರಲಿಲ್ಲ. ಡೌನ್ ಸಿಂಡ್ರೋಮ್ ಇರುವವರು ಅಪ್ಪ ಅಮ್ಮನಿಗಿಂತ ಮುಂಚೆಯೇ ಹೋಗಿಬಿಡುತ್ತಿದ್ದರು. ಅಮೆರಿಕದ ಲೆಕ್ಕ ನೋಡಿದರೆ 1980ರ ದಶಕದ ಶುರುವಿನಲ್ಲಿ ಅವರ ಸರಾಸರಿ ಆಯಸ್ಸು 25ರ ಆಸುಪಾಸು, ಈಗ 60ರ ಹತ್ತಿರ. ಹೃದಯದ ಆಪರೇಷನ್ ಸುಲಭವಾಯಿತು, ಥೈರಾಯ್ಡ್ ಮಾತ್ರೆ ಸಿಕ್ಕಿತು, ಮಕ್ಕಳನ್ನು ಆಶ್ರಮಕ್ಕೆ ಹಾಕುವುದು ನಿಂತಿತು. ಒಳ್ಳೆಯದೇ. ಆದರೆ ಅರವತ್ತು ವರ್ಷದ ಬದುಕಿಗೆ ಬೇಕಾದ ತಯಾರಿಯನ್ನು ಯಾರೂ ಮಾಡಿಕೊಂಡಿರಲಿಲ್ಲ.

ವಸತಿ ನಿಲಯಗಳನ್ನು ನೋಡಿಬಂದೆ. ಇಂಥವರಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ರಾಷ್ಟ್ರೀಯ ನ್ಯಾಸ, ಅಂದರೆ ನ್ಯಾಷನಲ್ ಟ್ರಸ್ಟ್, ಜೀವನಪೂರ್ತಿ ಆಸರೆಗೆ 'ಘರೌಂದಾ' ಅಂತ ಒಂದು ಯೋಜನೆಯನ್ನೇ ಮಾಡಿದೆ. ಕೆಲವರಿಗೆ ಅದೇ ಸರಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಾನು ನೋಡಿದ ಒಂದು ಕಡೆ ಮಧ್ಯಾಹ್ನ ಒಂದು ಗಂಟೆಗೆ ಗಂಟೆ ಬಾರಿಸಿತು, ನಲವತ್ತು ಜನ ಒಟ್ಟಿಗೆ ಎದ್ದು ನಿಂತರು. ತಮ್ಮ ನನ್ನ ಕೈ ಹಿಡಿದುಕೊಂಡ. ಅವನಿಗೆ ಒಂದು ಗಂಟೆಗೆ ಹಸಿವಾಗುವುದಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಸರಿ, ಕಾಫಿಯಿಂದ ಶುರು ಮಾಡೋಣ ಅಂದುಕೊಂಡೆ. ಅವನಿಗೆ ಅದು ಪ್ರಾಣ.

ಕಾಫಿ ಮಾಡಲು ಎಷ್ಟು ಹೆಜ್ಜೆ? ನಾನು ಬರೆದುಕೊಂಡಾಗ ಎಂಟು. ಆಮೇಲೆ ನಾನೇ ನಿಂತು, ನನ್ನ ಕೈಯನ್ನು ನಾನೇ ನೋಡುತ್ತಾ ಮಾಡಿದೆ. ಇಪ್ಪತ್ತಾರು ಬಂತು. ಫಿಲ್ಟರಿನ ಮೇಲಿನ ಡಬ್ಬ ಯಾವುದು, ಕೆಳಗಿನದು ಯಾವುದು. ಪುಡಿ ಹಾಕಿ ಮೆಲ್ಲಗೆ ಅದುಮಬೇಕು. ಜಾಸ್ತಿ ಅದುಮಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಹಾಲಿನ ಪ್ಯಾಕೆಟ್ಟನ್ನು ಮೂಲೆಯಲ್ಲಿ ಕತ್ತರಿಸಬೇಕು, ಕತ್ತರಿಸುವಾಗ ಇನ್ನೊಂದು ಕೈ ಎಲ್ಲಿರಬೇಕು. ಎಷ್ಟೋ ವರ್ಷದಿಂದ ಕೈ ತಾನಾಗಿ ಮಾಡುತ್ತಿದ್ದ ಕೆಲಸಗಳಿವು. ಇವು ಹೆಜ್ಜೆಗಳು ಅಂತಲೇ ನನಗೆ ಗೊತ್ತಿರಲಿಲ್ಲ.

ಅವನು ಹೋಗುವ ತರಬೇತಿ ಕೇಂದ್ರದ ಟೀಚರ್ ಒಬ್ಬರು ಒಂದು ಉಪಾಯ ಹೇಳಿಕೊಟ್ಟರು. ಹಿಂದಿನಿಂದ ಕಲಿಸಿ ಅಂದರು. ಅಂದರೆ ಕೊನೆಯ ಹೆಜ್ಜೆ ಮೊದಲು. ಇಪ್ಪತ್ತೈದೂ ನಾನು ಮಾಡುವುದು, ಇಪ್ಪತ್ತಾರನೆಯದು ಮಾತ್ರ ಅವನದು: ಕಾಫಿಯನ್ನು ಲೋಟಕ್ಕೂ ಬಟ್ಟಲಿಗೂ ಎತ್ತಿ ಹುಯ್ದು ನೊರೆ ಬರಿಸುವುದು. ಮೊದಲಿನಿಂದ ಕಲಿಸಿದರೆ ಅವನು ಪುಡಿ ಅದುಮಿ ಕೈಬಿಡುತ್ತಾನೆ, ಮುಂದಿನದನ್ನೆಲ್ಲ ನಾನು ಮಾಡುತ್ತೇನೆ, ಕಾಫಿ ನನ್ನದಾಗುತ್ತದೆ. ಕೊನೆಯಿಂದ ಕಲಿಸಿದರೆ ಮೊದಲ ದಿನವೇ ಕಾಫಿ ಅವನದು. ನೊರೆ ಬರಿಸಿದ, ಕುಡಿದ, "ನಾನ್ ಮಾಡ್ದೆ" ಅಂದ. ಎರಡು ವಾರ ಅದೇ. ಆಮೇಲೆ ಅದರ ಹಿಂದಿನ ಹೆಜ್ಜೆ, ಸಕ್ಕರೆ. ಆಮೇಲೆ ಅದರ ಹಿಂದಿನದು. ಗ್ಯಾಸು ಬೇಡ ಅಂತ ಇಂಡಕ್ಷನ್ ಒಲೆ ತಂದೆ. ಬೆಂಕಿ ಇಲ್ಲ, ಪಾತ್ರೆ ತೆಗೆದರೆ ಬಿಸಿ ಮಾಡುವುದನ್ನು ನಿಲ್ಲಿಸುತ್ತದೆ. ಹೀಗೆ ಹಿಂದಕ್ಕೆ ಹಿಂದಕ್ಕೆ ನಡೆದು ಹಾಲಿನ ಪ್ಯಾಕೆಟ್ಟಿಗೆ ಬಂದು ಮುಟ್ಟಲು ಏಳು ತಿಂಗಳಾಯಿತು.

ಏಳು ತಿಂಗಳಲ್ಲಿ ಮೂರು ತಿಂಗಳು ಹಾಳಾಗಿದ್ದು ನನ್ನ ಬಾಯಿಯಿಂದ.

ಅವನು ಒಂದು ಹೆಜ್ಜೆ ಮುಗಿಸಿ ಒಂದು ಕ್ಷಣ ನಿಲ್ಲುತ್ತಿದ್ದ. ನಾನು "ಆಮೇಲೆ?" ಅನ್ನುತ್ತಿದ್ದೆ. ಪಾಪ, ನೆನಪು ಮಾಡೋಣ ಅಂತ. ಅವನು ಮುಂದಿನದು ಮಾಡುತ್ತಿದ್ದ. ಎಲ್ಲ ಸರಿಯಾಗಿ ನಡೆಯುತ್ತಿದೆ ಅಂತ ಖುಷಿಯಲ್ಲಿದ್ದೆ. ಒಂದು ದಿನ ನಡುವೆ ಫೋನ್ ಬಂತು, ಆಚೆ ಹೋದೆ. ಬಂದು ನೋಡಿದರೆ ಡಿಕಾಕ್ಷನ್ ಬಟ್ಟಲು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಾನೆ. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿದೆ. "ಯಾಕೋ ಆಫ್ ಮಾಡ್ಲಿಲ್ಲ?" ಅಂದೆ. "ನೀನ್ ಆಮೇಲೆ ಅನ್ಲಿಲ್ಲ" ಅಂದ.

ಅವನು ಕಾಫಿ ಮಾಡುವುದನ್ನು ಕಲಿತಿರಲಿಲ್ಲ. ನನ್ನ "ಆಮೇಲೆ"ಗೆ ಕಾಯುವುದನ್ನು ಕಲಿತಿದ್ದ. ಟೀಚರಿಗೆ ಹೇಳಿದರೆ ನಕ್ಕರು. ಕೈ ಹಿಡಿದು ಕಲಿಸಿದರೆ ಕೈ ಬಿಡಬಹುದು, ಬೆರಳು ತೋರಿಸಿ ಕಲಿಸಿದರೆ ಬೆರಳು ಮಡಚಬಹುದು, ಬಾಯಿ ಬಿಟ್ಟು ಕಲಿಸಿದ್ದನ್ನು ವಾಪಸ್ ತೆಗೆಯುವುದೇ ಕಷ್ಟ ಅಂದರು. ಅವನ ಕೈಯನ್ನೇ ಇಟ್ಟುಕೊಂಡು ಒಂದೊಂದು ಹೆಜ್ಜೆಯ ಫೋಟೋ ತೆಗೆದು, ಲ್ಯಾಮಿನೇಟ್ ಮಾಡಿಸಿ, ಒಲೆಯ ಹಿಂದಿನ ಟೈಲ್ಸಿಗೆ ಅಂಟಿಸಿದೆವು. ನಾನು ಜಗಲಿಗೆ ಹೋಗಿ ಕೂರಬೇಕು. ಬಾಯಿ ಮುಚ್ಚಿಕೊಂಡು. ಇಡೀ ಕಲಿಕೆಯಲ್ಲಿ ಅತಿ ಕಷ್ಟದ ಹೆಜ್ಜೆ ಅದೇ, ಅದು ನನ್ನದು. ಒಳಗಿಂದ ಪಾತ್ರೆ ಸದ್ದು ಬಂದಾಗಲೆಲ್ಲ ಏಳುತ್ತಿದ್ದೆ, ಕೂರುತ್ತಿದ್ದೆ. ಒಂದು ಬೆಳಗ್ಗೆ ಒಳಗಿಂದ ಅವನದೇ ದನಿ ಕೇಳಿತು. ತನಗೆ ತಾನೇ ಹೇಳಿಕೊಳ್ಳುತ್ತಿದ್ದ. "ಆಮೇಲೆ?"

ಈಗಲೂ ಹಾಗೇ ಹೇಳಿಕೊಂಡೇ ಮಾಡುತ್ತಾನೆ.

ಅಡುಗೆಮನೆಯಿಂದ ಆಚೆ ಬಂದ ಮೇಲೆ ಸಮಸ್ಯೆಯೇ ಬೇರೆ. ಹೊರಗಿನವರು ಅವನ ಜೊತೆ ಮಾತಾಡುವುದಿಲ್ಲ, ನನ್ನ ಜೊತೆ ಅವನ ಬಗ್ಗೆ ಮಾತಾಡುತ್ತಾರೆ. "ಇವ್ನಿಗೆ ಖಾರ ಆಗುತ್ತಾ ಮೇಡಂ?" ಅವನು ಅಲ್ಲೇ ಕೂತಿರುತ್ತಾನೆ, ಬಾಯಿದೆ, ಕಿವಿಯಿದೆ. ಮೂವತ್ತು ದಾಟಿದವನಿಗೆ ಹತ್ತನೇ ಕ್ಲಾಸಿನ ಹುಡುಗರೂ "ಲೋ" ಅನ್ನುತ್ತಾರೆ. ಒಂದು ಸಲ ಕಟಿಂಗ್ ಶಾಪಿನಲ್ಲಿ ಹೊಸಬನೊಬ್ಬ "ಬನ್ನಿ ಸರ್, ಶೇವಿಂಗಾ?" ಅಂದ. ತಮ್ಮ ಹಿಂದೆ ತಿರುಗಿ ನೋಡಿದ, ಯಾರಿಗೆ ಹೇಳಿದ್ದು ಅಂತ. ತನಗೇ ಅಂತ ಗೊತ್ತಾದಾಗ ಅಂಗಿಯ ಕಾಲರು ಸರಿಮಾಡಿಕೊಂಡು ಹೋಗಿ ಕೂತ. ಅದಾದ ಮೇಲೆ ಅವನು ಬೇರೆ ಕಟಿಂಗ್ ಶಾಪಿಗೆ ಹೋಗಿಲ್ಲ. ಪುಟ್ಟು ಅಂತ ಕರೀಬೇಡಿ ಅಂತ ಮನೆಯಲ್ಲಿ ಹೇಳಿದ್ದೂ ಆ ವಾರವೇ.

ಬಸ್ಸಿನ ಕಥೆ ಹೇಳಬೇಕು.

ನಮ್ಮ ಮನೆ ವಿದ್ಯಾರಣ್ಯಪುರಂನಲ್ಲಿ. ಅವನ ತರಬೇತಿ ಕೇಂದ್ರಕ್ಕೆ ಸಿಟಿ ಬಸ್ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ನಡೆಯಬೇಕು. ಪೇಪರ್ ಕವರ್ ಮಾಡುತ್ತಾರೆ, ಫೈಲು ಕಟ್ಟುತ್ತಾರೆ, ದೀಪಾವಳಿಗೆ ಹಣತೆಗೆ ಬಣ್ಣ ಹಚ್ಚುತ್ತಾರೆ. ಮೊದಲೆಲ್ಲ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಬಸ್ಸು ಪುಕ್ಕಟೆ. ಇದೇ ಸಮಯ ಅಂತ ಬಸ್ಸು ಕಲಿಸಲು ಹೊರಟೆ. ಮೊದಲು ಪಕ್ಕದ ಸೀಟು. ಆಮೇಲೆ ಎರಡು ಸೀಟು ಹಿಂದೆ. ಆಮೇಲೆ ಪೂರ್ತಿ ಮುಂದೆ, ಹೆಂಗಸರ ಸೀಟಿನಲ್ಲಿ, ತಿರುಗಿ ನೋಡದೆ. ಅವನದು ಪಾಸು, ನನ್ನದು ಸೊನ್ನೆ ರೂಪಾಯಿ ಟಿಕೆಟ್. ಮೂರು ತಿಂಗಳು ದಿನಕ್ಕೆ ನಾಲ್ಕು ಸಲ ಓಡಾಡಿದ್ದೇನೆ. ಆ ಯೋಜನೆ ಬಗ್ಗೆ ಯಾರು ಏನೇ ಅನ್ನಲಿ, ನಮ್ಮ ಮನೆಯಲ್ಲಿ ಅದು ಇಂಥ ಒಂದು ಕೆಲಸಕ್ಕೆ ಬಂತು.

ಸೆಪ್ಟೆಂಬರ್ ಹೊತ್ತಿಗೆ ಅವನೊಬ್ಬನೇ ಹೋಗಿ ಬರುತ್ತಿದ್ದ. ಸಿಟಿ ಬಸ್ ಸ್ಟ್ಯಾಂಡಿನ ಗಡಿಯಾರ, ಅದರಾಚೆ ಅರಮನೆ ಗೋಡೆ, ಅದು ಬಂದರೆ ಎದ್ದು ನಿಲ್ಲಬೇಕು. ಅದು ಅವನ ಗುರುತು.

ಅಕ್ಟೋಬರಿನಲ್ಲಿ ದಸರಾ ಬಂತು. ಮೈಸೂರಿನವರಿಗೆ ಹೇಳಬೇಕಿಲ್ಲ. ಅರಮನೆ ಸುತ್ತ ರಸ್ತೆಗಳೆಲ್ಲ ಬದಲು, ಬಸ್ಸುಗಳೆಲ್ಲ ಬೇರೆ ದಾರಿ. ನನಗೆ ಹೊಳೆಯಲೇ ಇಲ್ಲ ನೋಡಿ. ಆವತ್ತು ಸಂಜೆ ವಾಪಸ್ ಬರುವ ಬಸ್ಸು ಎಲ್ಲೋ ಸುತ್ತಿ, ನಡುದಾರಿಯಲ್ಲಿ ನಿಂತು, "ಎಲ್ರೂ ಇಳ್ಕೊಳ್ಳಿ, ಮುಂದಕ್ಕೆ ಹೋಗಲ್ಲ" ಅಂದಿದ್ದಾರೆ. ಇವನೂ ಇಳಿದಿದ್ದಾನೆ. ದೀಪ, ಜನ, ಪೀಪಿ ಸದ್ದು. ಕೊರಳಲ್ಲಿ ನನ್ನ ಫೋನ್ ನಂಬರಿನ ಕಾರ್ಡು ಇತ್ತು. ಯಾರಿಗಾದರೂ ತೋರಿಸು ಅಂತ ಹತ್ತಾರು ಸಲ ಅಭ್ಯಾಸ ಮಾಡಿಸಿದ್ದೆ. ತೋರಿಸಲಿಲ್ಲ. ಕಾರ್ಡನ್ನು ಅಂಗಿಯೊಳಗೆ ಹಾಕಿಕೊಂಡು, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾನೆ. ಎರಡೂವರೆ ಗಂಟೆ. ಟ್ರಾಫಿಕ್ ಪೊಲೀಸಿನವರೊಬ್ಬರು ನೋಡಿ, ಮಾತಾಡಿಸಿ, ಕಾರ್ಡು ತೆಗೆಸಿ, ಫೋನ್ ಮಾಡಿದರು. ನಾನು ಹೋದಾಗ ಪ್ಯಾಂಟು ಒದ್ದೆಯಾಗಿತ್ತು. ನನ್ನ ಮುಖ ನೋಡಲಿಲ್ಲ.

"ಬೇಕಿತ್ತಾ ಇದೆಲ್ಲಾ?" ಅಂದರು ದೊಡ್ಡಮ್ಮ. ಅವರು ಕೆಟ್ಟವರಲ್ಲ. ಆ ರಾತ್ರಿ ನಾನೂ ಅದನ್ನೇ ಕೇಳಿಕೊಂಡೆ.

ರಾಬರ್ಟ್ ಪರ್ಸ್ಕಿ ಎಂಬ ಅಮೆರಿಕದವರು 1972ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಅಪಾಯಕ್ಕೂ ಒಂದು ಘನತೆ ಇದೆ ಅನ್ನುವುದು ಅವರ ವಾದ. ಇವರನ್ನು ಎಲ್ಲ ಅಪಾಯದಿಂದ ಕಾಪಾಡುತ್ತಾ ಹೋದರೆ ಮನುಷ್ಯರಾಗಿ ಬಾಳುವುದರಿಂದಲೂ ಕಾಪಾಡಿದ ಹಾಗಾಗುತ್ತದೆ ಅಂತ. ಓದುವಾಗ ತಲೆದೂಗಿದ್ದೆ. ಒದ್ದೆ ಪ್ಯಾಂಟು ನೆನೆಸಿಡುವಾಗ ಪರ್ಸ್ಕಿ ಅವರು ನೆನಪಿಗೆ ಬರಲಿಲ್ಲ. ಆದರೆ ಒಂದು ಬಂತು. ಅಪ್ಪ ಒಮ್ಮೆ ಬೆಂಗಳೂರಿಗೆ ಅಂತ ಹೋಗಿ, ರೈಲಿನಲ್ಲಿ ನಿದ್ದೆ ಹೊಡೆದು, ಇಳಿಯುವ ಸ್ಟೇಷನ್ ತಪ್ಪಿಸಿಕೊಂಡು, ನಡುರಾತ್ರಿ ಎಲ್ಲಿಂದಲೋ ಫೋನ್ ಮಾಡಿದ್ದರು. ಅದೂ ರೈಲ್ವೆಯಲ್ಲೇ ಕೆಲಸ ಮಾಡಿದವರು! ಇಪ್ಪತ್ತು ವರ್ಷ ಅದನ್ನು ಹೇಳಿಕೊಂಡು ನಕ್ಕೆವು. ಅಪ್ಪ ಇನ್ನು ರೈಲು ಹತ್ತಬಾರದು ಅಂತ ಯಾರೂ ಅನ್ನಲಿಲ್ಲ.

ತಮ್ಮ ಎರಡು ತಿಂಗಳು ಬಸ್ಸಿನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಸ್ಕೂಟರಿನ ಹತ್ತಿರ ನಿಂತು, "ಚಳಿ ಕಣಕ್ಕ, ಬಸ್ಸಲ್ಲಿ ಕಿಟಕಿ ಮುಚ್ಬಹುದು" ಅಂದ. ಅಷ್ಟೇ ಕಾರಣ.

ಕಾನೂನಿನ ವಿಷಯ ಸ್ವಲ್ಪ. ಹದಿನೆಂಟು ತುಂಬಿದ ಮೇಲೆ ಅವನು ವಯಸ್ಕ. ಅಪ್ಪ ಅಮ್ಮನೂ ತಾನಾಗಿ ಪೋಷಕರಲ್ಲ. ಇದು ಬಹಳ ಮನೆಗಳಿಗೆ ಬ್ಯಾಂಕಿನ ಕೌಂಟರ್ ಮುಂದೆ ನಿಂತಾಗಲೇ ಗೊತ್ತಾಗುವುದು. ನನಗೂ ಹಾಗೇ ಆಯಿತು. ಅವನ ಹೆಸರಿನ ಖಾತೆಗೆ ಒಂದು ಬ್ಯಾಂಕಿನಲ್ಲಿ ಗಾರ್ಡಿಯನ್ ಪತ್ರ ತನ್ನಿ ಅಂದರು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಪೋಷಕರನ್ನು ನೇಮಿಸಲು ಪ್ರತಿ ಜಿಲ್ಲೆಯಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೇ ಆದ ಒಬ್ಬರು, ಹೀಗೆ ಮೂವರು. ಅರ್ಜಿ ಹಾಕಿದೆ, ಪತ್ರ ಸಿಕ್ಕಿತು. ಒಂದು ಸಹಿಯಲ್ಲಿ ಮೂವತ್ತು ದಾಟಿದ ಗಂಡಸಿನ ಎಲ್ಲಕ್ಕೂ ನಾನು ಯಜಮಾನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದೇ ಬೇರೆ: ಪೋಷಕತ್ವ ಇದ್ದರೂ ಸೀಮಿತವಾಗಿರಬೇಕು, ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ಅವಧಿಗೆ, ಇಬ್ಬರೂ ಕೂತು ಮಾತಾಡಿ. ಎರಡೂ ಕಾಯ್ದೆ ಜಾರಿಯಲ್ಲಿವೆ. ಬ್ಯಾಂಕಿನವರಿಗೆ ಮೊದಲನೆಯದು ಸಾಕು. ಪತ್ರ ಬೀರುವಿನಲ್ಲಿದೆ. ನಾನು ಅದನ್ನು ಬ್ಯಾಂಕಿಗೆ ಬಿಟ್ಟು ಬೇರೆಲ್ಲೂ ತೆಗೆಯಬಾರದು ಅಂದುಕೊಂಡಿದ್ದೇನೆ. ಅಂದುಕೊಂಡಿದ್ದೇನೆ ಅಷ್ಟೇ.

ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ 19ನೇ ವಿಧಿ ಅಂತ ಒಂದಿದೆ. ಎಲ್ಲಿ ಬದುಕಬೇಕು, ಯಾರ ಜೊತೆ ಬದುಕಬೇಕು ಅನ್ನುವುದನ್ನು ಅಂಗವಿಕಲರು ಎಲ್ಲರ ಹಾಗೆ ತಾವೇ ಆರಿಸಿಕೊಳ್ಳುವ ಹಕ್ಕು. ಓದಿ ನಗು ಬಂತು. 'ಎಲ್ಲರ ಹಾಗೆ' ಅಂದರೆ? ನಾನು ಎಲ್ಲಿ, ಯಾರ ಜೊತೆ ಬದುಕಬೇಕು ಅಂತ ಇಪ್ಪತ್ತಮೂರನೇ ವಯಸ್ಸಿನಲ್ಲಿ ನನ್ನನ್ನು ಯಾರು ಕೇಳಿದ್ದರು? ಹುಡುಗ ಒಳ್ಳೆಯವನು ಸಿಕ್ಕ, ಅದು ನನ್ನ ಪುಣ್ಯ. ನಮ್ಮ ಮನೆಗಳಲ್ಲಿ ಒಬ್ಬರೇ ನಿಂತವರು ಯಾರೂ ಇಲ್ಲ. ಅಪ್ಪ ಅಮ್ಮನ ಮೇಲೆ ನಿಂತಿದ್ದರು, ಅಮ್ಮ ಅಪ್ಪನ ಸಂಬಳದ ಮೇಲೆ, ನಾನು ಕೆಲಸದ ಅಮ್ಮನ ಮೇಲೆ, ಅವರು ಅವರ ಸಂಘದ ಚೀಟಿಯ ಮೇಲೆ. ತಮ್ಮನಿಗೆ ಮಾತ್ರ ನಾವು 89 ಅಂಶದ ಪಟ್ಟಿ ಹಿಡಿದು ನಿಂತಿದ್ದೇವೆ. ಹಾಗಾಗಿ ನಾನು ಈಗ ಪಟ್ಟಿ ನೋಡುವುದು ಕಡಿಮೆ. ಅವನಿಗೆ ಯಾವುದು ಬೇಕು, ಯಾವುದಕ್ಕೆ ಯಾರ ಸಹಾಯ ಬೇಕು, ಯಾವಾಗ ಬೇಡ, ಇದನ್ನು ಅವನು ಹೇಳುತ್ತಾನಾ ಅಂತ ನೋಡುತ್ತೇನೆ. ಉಗುರು ಕತ್ತರಿಸಲು ಅವನಿಗೆ ಇವತ್ತಿಗೂ ಆಗುವುದಿಲ್ಲ. ಭಾನುವಾರ ಬಂದು ಕೈ ಚಾಚುತ್ತಾನೆ. ಕತ್ತರಿಸಿಕೊಡುತ್ತೇನೆ. ಅದನ್ನು ಕಲಿಸುವ ಉಮೇದು ನನಗಿಲ್ಲ, ಕಲಿಯುವ ಉಮೇದು ಅವನಿಗೂ ಇಲ್ಲ.

ನಮ್ಮ ಮನೆಯ ಹಿಂದೆ ಒಂದು ಔಟ್‌ಹೌಸ್ ಇದೆ. ಒಂದು ರೂಮು, ಚಿಕ್ಕ ಅಡುಗೆಮನೆ, ಬಚ್ಚಲು. 2024ರಲ್ಲಿ ಬಾಡಿಗೆಯವರು ಖಾಲಿ ಮಾಡಿದರು. ನಾನು ಹೊಸ ಬಾಡಿಗೆಯವರನ್ನು ಹುಡುಕುತ್ತಿದ್ದಾಗ ತಮ್ಮ ಕೇಳಿದ: "ನಾನ್ ಇರ್ಲಾ?" ಬಾಡಿಗೆ ಹೋಯಿತು ಅಂತ ಯಜಮಾನರ ಮುಖ ಒಂದು ದಿನ ಸಣ್ಣಗಾಯಿತು. ಆಮೇಲೆ ಅವರೇ ಹೋಗಿ ಬೀಗ ತಂದರು. ಎರಡು ಕೀಲಿ. ಒಂದು ಅವನದು, ಒಂದು ನಮ್ಮ ದೇವರ ಮನೆಯಲ್ಲಿ. ನಮ್ಮ ಹಿತ್ತಿಲ ಬಾಗಿಲಿಂದ ಅವನ ಬಾಗಿಲಿಗೆ ಹದಿನಾರು ಹೆಜ್ಜೆ. ಇದನ್ನು ಸ್ವತಂತ್ರ ಬದುಕು ಅಂತೀರಾ ಅಂತ ಒಬ್ಬರು ಕೇಳಿದರು. ಅವರ ಮಗ ಸೊಸೆ ಮೇಲಿನ ಮಹಡಿಯಲ್ಲಿದ್ದಾರೆ, ಬೇರೆ ಅಡುಗೆ. ಅದನ್ನು ಅವರು ಏನಂತಾರೋ ಅದೇ ಇದು.

ಹಾಲು ಅವನೇ ತರುತ್ತಾನೆ, ನಂದಿನಿ ನೀಲಿ ಪ್ಯಾಕೆಟ್, ಅರ್ಧ ಲೀಟರ್. ಓದಲು ಬರದಿದ್ದರೂ ಬಣ್ಣ ಗೊತ್ತು. ನಾನು ಕಲಿಸುವಾಗ ಸರಿಯಾದ ಚಿಲ್ಲರೆ ಎಣಿಸಿ ಡಬ್ಬಿಯಲ್ಲಿ ಹಾಕಿಕೊಡುವುದನ್ನು ರೂಢಿ ಮಾಡಿಸಿದ್ದೆ. ತಪ್ಪು ಅದೇ. 2025ರ ಏಪ್ರಿಲ್ 1ಕ್ಕೆ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅವನು ಖಾಲಿ ಕೈಯಲ್ಲಿ ವಾಪಸ್ ಬಂದ. ಮುಷ್ಟಿಯಲ್ಲಿ ದುಡ್ಡು ಬೆವರಿತ್ತು. "ಸಾಲಲ್ವಂತೆ." ಎರಡು ರೂಪಾಯಿ ನಾಳೆ ಕೊಡಿ ಅಂತ ಬೂತಿನವರು ಹೇಳಿದ್ದರಂತೆ, ಇವನೇ ಒಪ್ಪಿಲ್ಲ. ಸಾಲ ಮಾಡಬಾರದು ಅನ್ನೋದು ಅಮ್ಮ ಹೇಳಿಕೊಟ್ಟ ಪಾಠ, ಅದು ಮಾತ್ರ ಗಟ್ಟಿಯಾಗಿ ಕೂತಿದೆ. ಆಮೇಲೆ ಬೇರೆ ಥರ ಕಲಿಸಿದೆ: ಬೆಲೆ ಎಷ್ಟೇ ಇರಲಿ, ಐವತ್ತರ ನೋಟು ಕೊಡು, ಚಿಲ್ಲರೆಗೆ ಕಾಯಿ. ಈಗ ಬೂತಿನಲ್ಲಿ ಎಲ್ಲರೂ ಫೋನಿನಲ್ಲಿ ದುಡ್ಡು ಹಾಕುವವರು, ಚಿಲ್ಲರೆಯೇ ಇರುವುದಿಲ್ಲ. ಚಿಲ್ಲರೆ ಬದಲು ಚಾಕ್ಲೇಟ್ ಕೊಡುತ್ತಾರೆ. ಅವನಿಗೆ ಅದೇ ಲಾಭದ ವ್ಯಾಪಾರ. ನನ್ನ ಪಾಠ ಅಲ್ಲಿಗೆ ಕೆಟ್ಟಿತು. ಒಬ್ಬರ ಖಾತೆಯಿಂದ ಇನ್ನೊಬ್ಬರು ಒಂದು ಮಿತಿಯೊಳಗೆ ದುಡ್ಡು ಕೊಡುವ ಹಾಗೆ ಯುಪಿಐ ಸರ್ಕಲ್ ಅಂತ 2024ರಲ್ಲಿ ಬಂದಿದೆ. ಅದನ್ನು ಅವನ ಫೋನಿಗೆ ಹಾಕಿಸಿ ನೋಡಬೇಕು.

ಕೆಲವಕ್ಕೆ ನನ್ನ ಹತ್ತಿರ ಹೆಜ್ಜೆಗಳಿಲ್ಲ. ನೆಂಟರ ಮದುವೆಗೆ ಹೋಗಿ ಬಂದ ರಾತ್ರಿ "ನಂದು ಯಾವಾಗ?" ಅಂತ ಕೇಳುತ್ತಾನೆ. ಮೊದಲು ಮಾತು ಬದಲಾಯಿಸುತ್ತಿದ್ದೆ. ಈಗ "ನಂಗೊತ್ತಿಲ್ಲ ಕಣೋ" ಅನ್ನುತ್ತೇನೆ. ಅದಕ್ಕೆ ಅವನು ಸುಮ್ಮನಾಗುತ್ತಾನೆ, ಒಪ್ಪಿಕೊಂಡು ಅಲ್ಲ.

ಇನ್ನೊಂದು ಇದೆ. 21ನೇ ಕ್ರೋಮೋಸೋಮಿನಲ್ಲೇ ಅಮಿಲಾಯ್ಡ್ ಎಂಬ ಪ್ರೋಟೀನಿಗೆ ಸಂಬಂಧಿಸಿದ ಜೀನ್ ಇರುತ್ತದೆ. ಇವರಲ್ಲಿ ಅದರ ಮೂರು ಪ್ರತಿ. ಅದಕ್ಕೇ ಇವರಲ್ಲಿ ಆಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆ ಬೇಗ ಬರುತ್ತದೆ. ನಲವತ್ತರ ಹೊತ್ತಿಗೆ ಮಿದುಳಿನಲ್ಲಿ ಗುರುತು ಕಾಣುತ್ತವೆ, ಐವತ್ತರ ಆಚೀಚೆ ಮರೆವು ಶುರುವಾಗಬಹುದು. ಅವನಿಗೆ ಈಗ ಮೂವತ್ತೇಳು. ಏಳು ತಿಂಗಳು ಕಲಿತ ಕಾಫಿಯನ್ನು ಮುಂದೊಂದು ದಿನ ಹಿಂದಿನಿಂದ ಒಂದೊಂದೇ ಹೆಜ್ಜೆ ಬಿಡುತ್ತಾ ಬರಬಹುದು. ಇದು ಗೊತ್ತಿದ್ದೂ ಕಲಿಸಿದ್ದು ಯಾಕೆ ಅಂತ ಟೀಚರನ್ನು ಒಮ್ಮೆ ಕೇಳಿದೆ. "ಅಲ್ಲೀವರೆಗೂ ಕಾಫಿ ಕುಡೀಬೇಕಲ್ವಾ ಮೇಡಂ" ಅಂದರು.

ಹೋದ ವಾರ ನುಗ್ಗೆಕಾಯಿ ಹುಳಿ ಮಾಡಿದ್ದೆ. ಅವನಿಗೆ ಇಷ್ಟ ಅಂತ ಒಂದು ಬಟ್ಟಲಿನಲ್ಲಿ ಹಾಕಿಕೊಂಡು ಹೋದೆ. ಹದಿನಾರು ಹೆಜ್ಜೆ. ಅಭ್ಯಾಸಬಲದಿಂದ ಬಾಗಿಲು ತಳ್ಳಿದೆ, ಒಳಗಿಂದ ಚಿಲಕ ಹಾಕಿತ್ತು. ತಟ್ಟಿದೆ. ಟಿವಿಯಲ್ಲಿ ಕ್ರಿಕೆಟ್ ಸದ್ದು.

"ಯಾರು?"

"ನಾನು ಕಣೋ. ಹುಳಿ ತಂದಿದೀನಿ."

"ಕಿಟಕಿಲಿ ಇಡು. ಮ್ಯಾಚ್ ಇದೆ."

ಇಟ್ಟು ಬಂದೆ. ಬೇಜಾರಾಗಲಿಲ್ಲ ಅಂದರೆ ಸುಳ್ಳು.

ನಮ್ಮಮ್ಮ ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸ್ ಕೊಟ್ಟವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಕೊಡುತ್ತಿದ್ದಳು. ತಮ್ಮನಿಗೆ ಅದನ್ನು ಯಾರೂ ಹೆಜ್ಜೆ ಮಾಡಿ ಕಲಿಸಿಲ್ಲ, ಫೋಟೋ ಅಂಟಿಸಿಲ್ಲ. ಬೆಳಗ್ಗೆ ಎದ್ದು ಹಿತ್ತಿಲ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬಟ್ಟಲು ಇತ್ತು. ತೊಳೆದಿರಲಿಲ್ಲ. ತಳದಲ್ಲಿ ಒಣಗಿದ ಹುಳಿಯ ಗೆರೆ, ಅದರ ಮೇಲೆ ಒಂದು ಚಮಚ ಕಾಫಿಪುಡಿ.